ಯಂತ್ರಮ್ಮನ ಒಂದು ಉಸಿರು

ಯಂತ್ರಮ್ಮ ಎಂದರೆ ಆ ಬೀದಿಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಪಿಂಚಣಿ ಕಚೇರಿಯವರಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ. ರೈಲು ನಿಲ್ದಾಣದ ಮೈಕಿನ ಮುಂದೆ ಕೂತು, ಬರುವ ಹೋಗುವ ರೈಲುಗಳನ್ನು ಸಾರುತ್ತಲೇ ಆಯುಸ್ಸು ಕಳೆದ ಹೆಂಗಸು. ರೈಲು ಹೊತ್ತಿಗೆ ಬರಲಿ, ತಡವಾಗಲಿ, ರದ್ದೇ ಆಗಲಿ, ಅವಳ ದನಿ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಒಲೆಯ ಮೇಲೆ ಹಾಲು ಉಕ್ಕಿದ್ದನ್ನೂ ಮಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದನ್ನೂ ಒಂದೇ ಸ್ವರದಲ್ಲಿ ಹೇಳುವವಳು. ಕೂಗಾಡುವ ತಾಯಂದಿರೇ ವಾಸಿ ಎಂದು ಮಗ ಈಗಲೂ ಹೆಂಡತಿಯ ಮುಂದೆ ಗೊಣಗುವುದುಂಟು.

ಆ ದನಿಯೇ ಅವಳನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಆಗ ಪರದೇಶದ ಒಂದು ಸಿನಿಮಾವನ್ನು ನಮ್ಮ ಭಾಷೆಗೆ ಡಬ್ ಮಾಡುತ್ತಿದ್ದರು. ದೂರದ ನಕ್ಷತ್ರಕ್ಕೆ ಹೊರಟ ಹಡಗು. ಒಳಗೆ ಪ್ರಯಾಣಿಕರೆಲ್ಲ ವರ್ಷಗಟ್ಟಲೆ ನಿದ್ದೆ ಹೋಗಿದ್ದಾರೆ. ಎಚ್ಚರ ಇರುವುದು ಹಡಗು ನಡೆಸುವ ಯಂತ್ರ ಮಾತ್ರ. ಅದು ಯೋಚಿಸುತ್ತದೆ, ಮಾತಾಡುತ್ತದೆ, ಮಲಗಿದವರಿಗೆ ಹಾಡನ್ನೂ ಹೇಳುತ್ತದೆ. ಕೊನೆಗೆ ವಿದ್ಯುತ್ತು ಸಾಲದೆ, ಅವರು ಉಳಿಯಬೇಕೋ ತಾನು ಉಳಿಯಬೇಕೋ ಎಂಬ ಗಳಿಗೆ ಬಂದಾಗ ತನ್ನನ್ನೇ ನಿಲ್ಲಿಸಿಕೊಳ್ಳುತ್ತದೆ. ಆ ಯಂತ್ರದ ದನಿಗೆ ಬಂದ ನಟಿಯರೆಲ್ಲ ನಟಿಸುತ್ತಿದ್ದರು, ಅದೇ ತೊಂದರೆ. ಒಂದು ದಿನ ನಿರ್ಮಾಪಕ ತಡವಾದ ರೈಲಿಗೆ ಕಾಯುತ್ತ ಕೂತಿದ್ದಾಗ ತಲೆಯ ಮೇಲಿನ ಸ್ಪೀಕರಿನಿಂದ ಇವಳ ದನಿ ಬಂತು. ಆಮೇಲೆ ರೈಲು ಬಂದರೂ ಆ ಮನುಷ್ಯ ಹತ್ತಲಿಲ್ಲ. ಮೆಟ್ಟಿಲೇರಿ ನೇರ ಅವಳ ಕೋಣೆಗೆ ಹೋದ.

ಸ್ಟುಡಿಯೊದಲ್ಲಿ ಧ್ವನಿಮುದ್ರಣ ಮಾಡುತ್ತಿದ್ದವರು ಕಡ್ಡಿ ಮೇಷ್ಟ್ರು. ಮೈಯೂ ಕಡ್ಡಿ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ಯಂತ್ರಕ್ಕೆ ಶ್ವಾಸಕೋಶ ಇರುವುದಿಲ್ಲ, ಆದ್ದರಿಂದ ನಿಮ್ಮ ಉಸಿರು ಕೇಳಿಸಕೂಡದು ಎಂದು ಮೊದಲ ದಿನವೇ ಹೇಳಿಬಿಟ್ಟರು. ಒಂದು ವಾಕ್ಯ ಮುಗಿದಾಗ ಗಾಜಿನ ಆಚೆ ಮೇಷ್ಟ್ರು ಒಂದು ಕೈಯಲ್ಲಿ ಮೈಕಿನ ಗುಂಡಿ ತಿರುಗಿಸಿ ಇಳಿಸುತ್ತಿದ್ದರು, ಇನ್ನೊಂದು ಕೈಯ ಬೆರಳು ಎತ್ತುತ್ತಿದ್ದರು. ಬೆರಳು ಎದ್ದರೆ ಅವಳು ಕತ್ತು ಹೊರಳಿಸಿ ಉಸಿರೆಳೆದುಕೊಳ್ಳಬೇಕು, ಇಳಿದರೆ ಮಾತು. ಬೆರಳು ಏಳದಿದ್ದರೆ ಉಸಿರಿಲ್ಲ. ಇಡೀ ಸಿನಿಮಾ ಹೀಗೇ ನಡೆಯಿತು. ತಾಳಿ ಕಟ್ಟುವ ಮೊದಲೇ ಗಂಡನ ಬೆರಳು ನೋಡಿ ಉಸಿರಾಡಿದ ಹೆಣ್ಣು ಲೋಕದಲ್ಲಿ ತಾನೊಬ್ಬಳೇ ಎಂದು ಮುಂದೆ ಅವಳು ಹೇಳಿಕೊಂಡು ನಗುತ್ತಿದ್ದಳು.

ಯಂತ್ರದ ಕೊನೆಯ ಮಾತು ಚಿಕ್ಕದು. ‘ನೀವು ಮಲಗಿ. ದೀಪ ನಾನು ನೋಡಿಕೊಳ್ಳುತ್ತೇನೆ.’ ಇಷ್ಟು ದಿನ ತಪ್ಪದ ಬೆರಳು ಆ ಎರಡು ವಾಕ್ಯಗಳ ನಡುವೆ ಏಳಲೇ ಇಲ್ಲ. ಅವಳು ಕಾದಳು, ಕಾದಳು, ತಡೆಯಲಾಗದೆ ಉಸಿರೆಳೆದಳು. ಗುಂಡಿ ಇಳಿದಿರಲಿಲ್ಲ, ಉಸಿರು ಮುದ್ರಣವಾಗಿಹೋಯಿತು. ಸುರುಳಿ ಅದೇ ಸಂಜೆ ಊರು ಬಿಡಬೇಕಾಗಿತ್ತು, ಯಾರಿಗೆ ಗೊತ್ತಾಗುತ್ತದೆ ಹೋಗಲಿ ಬಿಡಿ ಎಂದ ನಿರ್ಮಾಪಕ.

ಎಲ್ಲರಿಗೂ ಗೊತ್ತಾಯಿತು. ಇಡೀ ಸಿನಿಮಾದಲ್ಲಿ ಒಮ್ಮೆಯೂ ಉಸಿರಾಡದ ಯಂತ್ರ ಸಾಯುವ ಮುಂಚೆ ಉಸಿರೆಳೆದಾಗ ಟಾಕೀಸಿನಲ್ಲಿ ಗಂಡಸರೂ ಕಣ್ಣೊರೆಸಿಕೊಂಡರು. ಜನ ನಿಲ್ದಾಣದ ಮೆಟ್ಟಿಲೇರಿ ಅವಳನ್ನು ನೋಡಲು ಬಂದರು. ರೈಲು ತಡವಾದಾಗಲೆಲ್ಲ ಸ್ಪೀಕರಿಗೆ ಶಾಪ ಹಾಕುತ್ತಿದ್ದ ಒಬ್ಬ ಮುದುಕಿಯೂ ಬಂದಳು. “ಒಳಗೆ ಮನುಷ್ಯರು ಇರ್ತಾರೆ ಅಂತ ಗೊತ್ತಿರ್ಲಿಲ್ಲ ಕಣಮ್ಮ,” ಎಂದಳು. ಯಂತ್ರಮ್ಮನಿಗೆ ಮುಂದೆ ಎಷ್ಟೋ ಸನ್ಮಾನಗಳಾದವು, ಹಾರ ಶಾಲು ಬಂದವು. ಮನಸ್ಸಿನಲ್ಲಿ ಉಳಿದದ್ದು ಈ ಒಂದು ಮಾತು.

ಮೇಷ್ಟ್ರಿಗೆ ಮಾತ್ರ ಆ ಉಸಿರು ಕಪ್ಪುಚುಕ್ಕೆ. ಅವಳೊಂದಿಗೇ ಮದುವೆಯಾಯಿತು, ಮಗ ಹುಟ್ಟಿದ, ಮೊಮ್ಮಕ್ಕಳೂ ಬಂದರು. ಆ ಸಿನಿಮಾದ ಮಾತೆತ್ತಿದರೆ ಈಗಲೂ ಅವರದು ಹರಳೆಣ್ಣೆ ಕುಡಿದ ಮುಖ. ಬೆರಳು ಯಾಕೆ ಏಳಲಿಲ್ಲ ಎಂದು ಕೇಳಿದರೆ, ಮೀಟರಿನ ಮುಳ್ಳು ನೋಡುತ್ತಿದ್ದೆ ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಈ ವರ್ಷ ಆ ಹಳೆಯ ಸಿನಿಮಾವನ್ನು ಶುಚಿಗೊಳಿಸಿ ಮತ್ತೆ ದೊಡ್ಡ ಪರದೆಗೆ ತರುವವರು ಹುಟ್ಟಿಕೊಂಡರು. ಧ್ವನಿ ತೊಳೆಯುವ ಕೆಲಸವನ್ನು ಈಗ ಕಂಪ್ಯೂಟರೇ ಮಾಡುತ್ತದೆ: ಯಾವುದು ಮಾತು, ಯಾವುದು ಗೊರಗೊರ ಎಂದು ತಾನೇ ತಿಳಿದು ಬೇರ್ಪಡಿಸುತ್ತದೆ. ಆದರೂ ಮೂಲ ಮುದ್ರಣ ಮಾಡಿದವರ ಒಪ್ಪಿಗೆ ಇಲ್ಲದೆ ಏನೂ ಅಂತಿಮವಾಗಬಾರದೆಂದು ಮೇಷ್ಟ್ರನ್ನು ಕರೆಸಿಕೊಂಡಿದ್ದರು. ಮೇಷ್ಟ್ರಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದಕ್ಕೆ ಯಂತ್ರ ಇದೆ. ಆದರೂ ಪರದೆಯ ಮೇಲಿನ ಗೆರೆ ನೋಡಿಯೇ ಅವರು ದನಿಯ ಜಾತಕ ಹೇಳಬಲ್ಲರು.

ಎಲ್ಲ ಮುಗಿದ ಮೇಲೆ, ಹೊಸ ಪ್ರತಿಯನ್ನು ಟಾಕೀಸಿಗೆ ಕಳಿಸುವ ದಿನ, ಕೇಳಿ ನೋಡಲು ಯಂತ್ರಮ್ಮನೂ ಸ್ಟುಡಿಯೊಗೆ ಹೋದಳು. ಕೊನೆಯ ಮಾತು ಬಂತು. ‘ನೀವು ಮಲಗಿ. ದೀಪ ನಾನು ನೋಡಿಕೊಳ್ಳುತ್ತೇನೆ.’ ನಡುವೆ ಏನೂ ಇರಲಿಲ್ಲ.

“ಇಲ್ಲೊಂದು ಉಸಿರಿತ್ತು,” ಎಂದಳು.

ಕಂಪ್ಯೂಟರಿನ ಮುಂದೆ ಕೂತಿದ್ದ ಸೌಂಡ್ ಎಂಜಿನಿಯರ್ ಹೆಣ್ಣುಮಗಳು ಮೇಷ್ಟ್ರ ಕಡೆ ನೋಡಿದಳು. ವಿಷಯ ಮೆಲ್ಲಗೆ ಹೊರಬಿತ್ತು. ಆ ಜಾಗಕ್ಕೆ ಬಂದಾಗ ಕಂಪ್ಯೂಟರ್ ತಾನಾಗಿ ಅಳಿಸಿರಲಿಲ್ಲ; ಇಡಲೇ, ತೆಗೆಯಲೇ ಎಂದು ಕೇಳಿತ್ತು. ತೆಗೆ ಎಂದವರು ಮೇಷ್ಟ್ರು.

ಯಂತ್ರಮ್ಮ ಕೂಗಾಡುವವಳಲ್ಲ. ಪ್ಲಾಟ್‌ಫಾರಂ ಬದಲಾಗಿದೆ ಎಂದು ಸಾರುವ ದನಿಯಲ್ಲೇ ಗಂಡನಿಗೆ ಹೇಳಿದಳು: “ಅಷ್ಟು ವರ್ಷ ಮೈಕಲ್ಲಿ ಮಾತಾಡಿದೀನಿ ರೀ. ನಾನೊಬ್ಳು ಇದೀನಿ ಅಂತ ಜನಕ್ಕೆ ಗೊತ್ತಾಗಿದ್ದು ಆ ಒಂದು ಉಸಿರಲ್ಲಿ. ಅದನ್ನೇ ಒರೆಸಿ ಹಾಕಿದ್ರಲ್ಲ.”

ಅದು ತನ್ನ ಕೆಲಸದ ತಪ್ಪು, ತಪ್ಪನ್ನು ಮತ್ತೆ ಊರ ಮುಂದೆ ಇಡಲಾರೆ ಎಂದರು ಮೇಷ್ಟ್ರು. ಎಂಜಿನಿಯರ್ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು. ಮೇಷ್ಟ್ರು ಒಪ್ಪದೆ ಅವಳು ಏನನ್ನೂ ಮುಟ್ಟುವಂತಿರಲಿಲ್ಲ.

“ತಪ್ಪು ಯಾಕಾಯ್ತು?”

“ಮುಳ್ಳು ನೋಡ್ತಿದ್ದೆ ಅಂತ ಹೇಳಿದೀನಲ್ಲ.”

“ಇಡೀ ಸಿನಿಮಾ ಮುಳ್ಳೇ ನೋಡಿದ್ರಿ. ಬೆರಳು ಏಳ್ತಾನೇ ಇತ್ತು.”

ಮೇಷ್ಟ್ರು ಕಿವಿಯ ಯಂತ್ರ ತಿರುಗಿಸುತ್ತ ಕೇಳಿಸದವರ ಹಾಗೆ ಕೂತರು. ಬೇಡದ ಮಾತು ಬಂದಾಗಲೆಲ್ಲ ಅವರು ಹೂಡುವ ಆಟ ಅದು. ಯಂತ್ರಮ್ಮನಿಗೆ ತಡವಾದ ರೈಲುಗಳ ಅಭ್ಯಾಸ ಚೆನ್ನಾಗಿಯೇ ಇತ್ತು. ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

ಕೊನೆಗೆ ಅವರು ನೆಲ ನೋಡುತ್ತ ಹೇಳಿದರು: “ನಿನ್ನ ನೋಡ್ತಿದ್ದೆ. ‘ನೀವು ಮಲಗಿ’ ಅಂದೆಯಲ್ಲ, ಬೆರಳು ಇರೋದೇ ಮರೆತುಹೋಯ್ತು. ಅದನ್ನ ಊರೋರೆಲ್ಲ ಕೂತು ಕೇಳಿಸ್ಕೊಳ್ಳೋದು ಅಂದ್ರೆ ನಂಗೆ ನಾಚಿಕೆ.”

ಯಂತ್ರಮ್ಮನ ಎದೆ ತುಂಬಿ ಬಂತು. ಇಷ್ಟು ವರ್ಷ ಅದನ್ನು ಬಚ್ಚಿಟ್ಟ ಮನುಷ್ಯನ ಮೇಲೆ ಸಿಟ್ಟೂ ಬಂತು. ಮೇಷ್ಟ್ರು ಇನ್ನೂ ತಲೆ ಎತ್ತಿರಲಿಲ್ಲ. ಹಾಗೇ ಕೂತಲ್ಲಿಂದ ಬೆರಳು ಎತ್ತಿದರು. ಎಂಜಿನಿಯರಿಗೆ ಅದರ ಅರ್ಥ ಆಗಲಿಲ್ಲ.

“ಇಡಮ್ಮ,” ಎಂದಳು ಯಂತ್ರಮ್ಮ, “ಅಪ್ಪಣೆ ಆಯ್ತು.”

ಮರುದಿನ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋದರು. ದೊಡ್ಡ ಟಾಕೀಸಿನ ಸದ್ದು ತಾಳಲಾಗದೆ ಮೇಷ್ಟ್ರು ಅರ್ಧದಲ್ಲೇ ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡರು. ಹಡಗಿನ ದೀಪಗಳು ಒಂದೊಂದಾಗಿ ಮಂಕಾಗತೊಡಗಿದಾಗ, ಉಸಿರು ಬಂತೇ ಎಂದು ಅವಳನ್ನು ಪಿಸುದನಿಯಲ್ಲಿ ಕೇಳಿದರು. ಯಂತ್ರ ‘ನೀವು ಮಲಗಿ’ ಎಂದಿತು. ಯಂತ್ರಮ್ಮ ಬಗ್ಗಿ, ಅವರ ಕಿವಿಗೆ ಬಾಯಿ ತಾಗಿಸಿ, ಒಮ್ಮೆ ದೀರ್ಘವಾಗಿ ಉಸಿರೆಳೆದಳು. ಬೆರಳಿಗೆ ಕಾಯಲಿಲ್ಲ.