ಮೂರು ಸೀಸೆ ನೀರು

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಅಟೆಂಡರನಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು ಕೆರೆಯಣ್ಣ. ತಿಂಗಳಿಗೊಮ್ಮೆ ಕೆರೆಗೆ ಹೋಗಿ, ಕಾಲುವೆ ಸೇರುವಲ್ಲಿ ಒಂದು, ಮೆಟ್ಟಿಲ ಬಳಿ ಒಂದು, ನೀರು ಹೊರಹೋಗುವಲ್ಲಿ ಒಂದು, ಹೀಗೆ ಮೂರು ಸೀಸೆ ತುಂಬಿ ತರುವುದು ಅವನ ಕೆಲಸ. ಸಾರಜನಕ, ರಂಜಕಗಳು ಮಣ್ಣು, ನೀರು, ಜೀವಿಗಳ ನಡುವೆ ಹೇಗೆ ಸುತ್ತುತ್ತವೆ ಎಂಬ ಪಾಠಕ್ಕೆ ಆ ನೀರೇ ಆಧಾರ. ಪಾಠ ಮಾಡುವ ಮೇಡಂ ಹನ್ನೊಂದು ವರ್ಷದಿಂದ ಅದರ ಅಳತೆಗಳನ್ನು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಮೂರು ಕಡೆಯ ನೀರೂ ಒಂದೇ ತರಹ ಇರುವುದು ಅವರಿಗೆ ಬಲು ಹೆಮ್ಮೆ.

“ಎಷ್ಟು ಕೊಳೆ ಬಂದ್ರೂ ಬಾಗಿಲಲ್ಲೇ ಅರಗಿಸಿಕೊಳ್ಳೋ ಕೆರೆ ಇದು,” ಎನ್ನುತ್ತಿದ್ದರು ತರಗತಿಯಲ್ಲಿ.

ಒಂದೇ ತರಹ ಇರದೆ ಇನ್ನೇನು? ನಮ್ಮ ಮಹಾರಾಯ ಮೂರನ್ನೂ ಮೆಟ್ಟಿಲ ಮೇಲೆ ಕೂತೇ ತುಂಬುತ್ತಿದ್ದ. ಚೀಟಿ ಮಾತ್ರ ಬೇರೆ ಬೇರೆ ಅಂಟಿಸುತ್ತಿದ್ದ. ಆಮೇಲೆ ನೆರಳಿನಲ್ಲಿ ಒಂದು ಗಂಟೆ ಕಾಲು ಚಾಚಿ, ಏಳುವಾಗ ಪ್ಯಾಂಟಿನ ಅಂಚಿಗೆ ಒಂದಿಷ್ಟು ಕೆಸರು ಮೆತ್ತಿಕೊಳ್ಳುತ್ತಿದ್ದ. ಆ ಕೆಸರು ನೋಡಿ ಮೇಡಂ ಪಾಪ ಎಂದು ಚಹಾ ತರಿಸುತ್ತಿದ್ದರು. ಅವರ ಪ್ರಬಂಧವೊಂದರ ಕೊನೆಯಲ್ಲಿ ಇವನಿಗೆ ಕೃತಜ್ಞತೆ ಹೇಳಿದ್ದ ಪುಟಕ್ಕೆ ಹೆಂಡತಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಊಟಕ್ಕೆ ಅವನು ಅದಕ್ಕೆ ಬೆನ್ನು ಮಾಡಿಯೇ ಕೂರುತ್ತಿದ್ದ.

ಈ ವರ್ಷ ಲೋಹದ ಗುಚ್ಛಗಳ ಪಾಠ ಆರಿಸಿಕೊಂಡ ಹುಡುಗಿಯೊಬ್ಬಳು ಚಿನ್ನದ ಕೆಲವೇ ಪರಮಾಣುಗಳು ಸೇರಿದ ಗುಚ್ಛಗಳ ದ್ರಾವಣ ಮಾಡಿದಳು. ನೇರಳಾತೀತ ದೀಪದ ಕೆಳಗೆ ಅದು ಕೆಂಪಗೆ ಹೊಳೆಯುತ್ತಿತ್ತು; ಪಾದರಸ ಬೆರೆತ ನೀರು ಹಾಕಿದರೆ ಹೊಳಪು ಆರಿಹೋಗುತ್ತಿತ್ತು. ಅವಳು ತಾನೇ ಹೋಗಿ ಕಾಲುವೆಯ ಬಾಯಿಂದ ತಂದ ನೀರು ಹಾಕಿದಾಗ ಹೊಳಪು ಆರಿತು. ಅದೇ ಜಾಗದ ಚೀಟಿ ಹೊತ್ತ ಕೆರೆಯಣ್ಣನ ನೀರು ಹಾಕಿದಾಗ ಆರಲಿಲ್ಲ.

“ಹನ್ನೊಂದು ವರ್ಷದ ದಾಖಲೆ ಸುಳ್ಳಾ, ನಿನ್ನ ಒಂದು ಸೀಸೆ ಸುಳ್ಳಾ? ದ್ರಾವಣ ಕೆಡಿಸಿದೀಯ, ಮತ್ತೆ ಮಾಡು,” ಎಂದರು ಮೇಡಂ.

ಮೂರು ಸಲ ಮಾಡಿದರೂ ಅದೇ ಕಥೆ. ಕೊನೆಗೆ, ಈ ಪ್ರಾಜೆಕ್ಟಿಗೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು. ಹುಡುಗಿ ಸಿಂಕಿನ ಮುಂದೆ ನಿಂತು ಗಾಜಿನ ನಳಿಗೆ ತೊಳೆಯುತ್ತ ಅತ್ತಳು. ಪಕ್ಕದಲ್ಲೇ ಕೆರೆಯಣ್ಣ ಮೇಜು ಒರೆಸುತ್ತಿದ್ದ.

“ತಪ್ಪು ನಂದೇ ಇರ್ಬೇಕು ಅಣ್ಣ. ನೀವು ಅಷ್ಟು ದೂರ ನಡೆದು ತರ್ತೀರ, ನಿಮ್ಮ ನೀರು ಹೇಗೆ ತಪ್ಪಾಗತ್ತೆ?”

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಬಟ್ಟೆ ಅಲ್ಲೇ ಬಿಟ್ಟು, ಅವಳನ್ನೂ ಕರೆದುಕೊಂಡು ಮೇಡಂ ಕೋಣೆಗೆ ನಡೆದ. ಮೆಟ್ಟಿಲ ವಿಷಯ ಹೇಳಿದ. ಹೇಳುವಾಗಲೂ ಮಾನ ಉಳಿಸಿಕೊಳ್ಳುವ ಚಪಲ ಬಿಡಲಿಲ್ಲ.

“ಮೊಣಕಾಲು ನೋವು ಮೇಡಂ. ನಡೆಯೋಕೆ ಆಗ್ತಿರ್ಲಿಲ್ಲ.”

ಮೇಡಂ ರಿಜಿಸ್ಟರ್ ತೆಗೆದರು.

“ನೋವು ಎಷ್ಟು ವರ್ಷದ್ದು?”

“ನಾಲ್ಕು.”

“ಹಾಗಾದ್ರೆ ಮೊದಲಿನ ಏಳು ವರ್ಷ ಸರಿ ಇದೆ,” ಎಂದರು. ದನಿಯಲ್ಲಿ ಆಸೆ ಇತ್ತು. ಕೆಂಪು ಪೆನ್ನು ಅವನ ಕೈಗಿಟ್ಟರು. “ನೀವು ನಡೆದು ಹೋಗಿ ತಂದಿದ್ದಕ್ಕೆಲ್ಲ ಗುರುತು ಹಾಕಿ. ಅಷ್ಟಾದ್ರೂ ಉಳೀಲಿ.”

ಅವನು ಮೊದಲ ಪುಟ ತೆಗೆದ. ಮೂರು ಸಾಲಿನಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ. ಮುಂದಿನ ಪುಟದಲ್ಲೂ ಹಾಗೇ. ಆಗ ಅವನ ಕಾಲು ಗಟ್ಟಿಯಾಗಿಯೇ ಇತ್ತು. ಮೊದಲ ದಿನ ಬಿಸಿಲು ಜೋರಿತ್ತು, ಅಷ್ಟೇ. ಇನ್ನೂ ಹತ್ತಾರು ಪುಟ ತಿರುವಿ, ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

“ಒಂದೂ ಇಲ್ಲ ಮೇಡಂ.”

ಮೇಡಂ ಅವನ ಮುಖ ನೋಡಲಿಲ್ಲ. ಹುಡುಗಿಯ ಕಡೆ ತಿರುಗಿದರು.

“ನನ್ನಿಂದ ತಪ್ಪಾಯ್ತಮ್ಮ. ಬೆಳಗ್ಗೆ ಏಳಕ್ಕೆ ಬಾ. ಕೆರೆಗೆ ನಾವಿಬ್ಬರೇ ಹೋಗಿಬರೋಣ.”