ಹುಲಗೂರಿನ ಕುಂಬಳ ಬೀಜ

ಹಾನಗಲ್ಲಿನ ನಮ್ಮ ಬೀಜ ಬ್ಯಾಂಕಿಗೆ ಒಂದು ಜವಾರಿ ಕುಂಬಳದ ಬೀಜ ಎಲ್ಲಿ ಹುಡುಕಿದ್ರೂ ಸಿಕ್ಕಿರಲಿಲ್ಲ. ಹುಲಗೂರಿನ ಮಾಬೂಬಿ ಅಕ್ಕಾರ ಹಿತ್ತಲದಾಗ ಅದರ ಕಡೀ ಕಾಯಿ ಐತಿ ಅಂತ ಗೊತ್ತಾಗಿದ್ದ ತಡ, ಫೋನ್ ಮಾಡಿದೆ: “ಬೀಜಕ್ಕ ಬರ್ತೇನ್ರಿ, ತೆಗೆದಿಡ್ರಿ.”

ಮರುದಿನ ಬಸ್ಸು ನಿಂತಲ್ಲೆಲ್ಲಾ ಚಡಪಡಿಸಿದೆ. ಹೊಸ್ತಿಲದಾಗ ನಿಂತಕೊಂಡ “ಬೀಜ ಎಲ್ರಿ?” ಅಂದೆ. ಅಕ್ಕಾರು ನಕ್ಕೋಂತ ಪೊಟ್ಟಣ ಕೈಗಿಟ್ರು. ಬಿಸಿ ಇತ್ತು.

“ಉಪ್ಪು ಖಾರ ಹಚ್ಚಿ ಹುರಿದೇನ್ರಿ. ಬಸ್ಸಿನಾಗ ತಿನ್ನಾಕ ಚಲೋ ಆಕ್ಕೈತಿ.”

“ಅಕ್ಕಾರ, ನಾ ಕೇಳಿದ್ದು ಬಿತ್ತಾಕ್ರಿ! ಎಲ್ಲಾನೂ ಹುರಿದ್ರೇನು?”

“ಮನಿಗೆ ಬಂದವರಿಗೆ ಅರ್ಧ ಕೊಡ್ತಾರೇನ್ರಿ?”

ವಾಪಸ್ ಬರೋವಾಗ ಹಾನಗಲ್ ಮುಟ್ಟೋತನಕ ಒಂದೊಂದ ಬೀಜ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ, ಒಂದಾದ್ರೂ ಹಸಿ ಉಳಿದೈತೇನು ಅಂತ. ಅಕ್ಕಾರ ಕೈ ಭಾಳ ಹದ. ಒಂದೂ ಹಸಿ ಇರಲಿಲ್ಲ.