ಹಿಟ್ಟು ಉಬ್ಬದ ಚಳಿಗಾಲ

ನಾನು ಮದುವೆಯಾಗಿ ಸಿದ್ಧಕಟ್ಟೆಗೆ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ತವರು ಬೆಳ್ತಂಗಡಿಯ ಆಚೆ. ಅಲ್ಲಿ ನಮ್ಮ ಮನೆಯಲ್ಲಿ ದೋಸೆ ಎಂದರೆ ನೀರುದೋಸೆ. ಅಕ್ಕಿಯನ್ನು ಅರೆಯುವ ಕಲ್ಲಿನಲ್ಲಿ ಕಡೆದು, ನೀರು ಸೇರಿಸಿ, ಆಗಲೇ ಕಾವಲಿಗೆ ಹೊಯ್ದು ತೆಗೆಯುವ ತೆಳು ದೋಸೆ. ಅದಕ್ಕೆ ಕಾಯುವುದೂ ಇಲ್ಲ, ಹೆದರುವುದೂ ಇಲ್ಲ.

ಗಂಡನ ಮನೆಯ ದೋಸೆಯೇ ಬೇರೆ. ಬೆಳ್ತಿಗೆ ಅಕ್ಕಿ, ಉದ್ದು, ಸ್ವಲ್ಪ ಮೆಂತೆ, ಒಂದು ಹಿಡಿ ಅವಲಕ್ಕಿ. ಸಂಜೆ ಕಡೆದಿಟ್ಟರೆ ಬೆಳಗಾಗುವಾಗ ಹಿಟ್ಟು ಉಬ್ಬಿ ಪಾತ್ರೆಯ ಬಾಯಿಗೆ ಬಂದಿರಬೇಕು. ಕಾವಲಿಗೆ ಹೊಯ್ದರೆ ಹರಡದೆ ದಪ್ಪಕ್ಕೆ ನಿಲ್ಲಬೇಕು. ಮೇಲೆಲ್ಲ ತೂತು ಬಿದ್ದು, ಬೆರಳಲ್ಲಿ ಒತ್ತಿದರೆ ಕುಗ್ಗಿ, ಬಿಟ್ಟರೆ ಏಳಬೇಕು. ಅದು ಅತ್ತೆಯ ದೋಸೆ. ಮನೆಯಲ್ಲಿದ್ದದ್ದು ನಾವು ಮೂವರೇ: ಅತ್ತೆ, ಶಾಲೆಯಲ್ಲಿ ಮಾಸ್ತರಾಗಿದ್ದ ನನ್ನ ಗಂಡ, ನಾನು. ಅಡುಗೆಮನೆಯ ಉಳಿದೆಲ್ಲ ಕೆಲಸ ನನಗೆ ಬಿಟ್ಟಿದ್ದ ಅತ್ತೆ, ದೋಸೆಯ ಹಿಟ್ಟನ್ನು ಮಾತ್ರ ಬಿಟ್ಟಿರಲಿಲ್ಲ. "ನಿನಗೆ ಮಕ್ಕಳಾದ ಮೇಲೆ ಜೀವಮಾನವಿಡೀ ಕಡೆಯಲಿಕ್ಕೆ ಉಂಟಲ್ಲ, ಈಗ ಆರಾಮವಾಗಿ ಇರು" ಎನ್ನುತ್ತಿದ್ದರು. ನಾನೂ ಆರಾಮವಾಗಿಯೇ ಇದ್ದೆ. ಹೇಗೆ ಮಾಡುತ್ತಾರೆಂದು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಚಳಿ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ, ದನ ಕರೆದು ಹಟ್ಟಿಯಿಂದ ಹಾಲು ತಂದ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದರು. ಚೆಂಬು ಉರುಳಿದ ಸದ್ದಿಗೆ ಓಡಿಬಂದೆ. ಕಣ್ಣು ಬಿಟ್ಟೇ ಇದ್ದರು. ಬಾಯಿ ಒಂದು ಬದಿಗೆ ಜಾರಿತ್ತು. ಬಲಗೈ ಹಿಡಿದೆತ್ತಿದರೆ ಅದು ಅವರದ್ದಲ್ಲವೆಂಬಂತೆ ಕೆಳಗೆ ಬಿತ್ತು.

ಮೂಡುಬಿದಿರೆಯಿಂದ ಡಾಕ್ಟರನ್ನು ಕರೆತರುವಾಗ ಮಧ್ಯಾಹ್ನವಾಯಿತು. ಪಾರ್ಶ್ವವಾಯು ಎಂದರು. ಜೀವಕ್ಕೆ ಸದ್ಯಕ್ಕೆ ತೊಂದರೆ ಇಲ್ಲ, ಕೈಕಾಲು ಎಷ್ಟು ಬರುತ್ತದೆ, ಮಾತು ಯಾವಾಗ ಬರುತ್ತದೆ ಎಂದು ಈಗ ಹೇಳಲಾಗದು, ಹೊಟ್ಟೆಗೆ ಮಾತ್ರ ಸರಿಯಾಗಿ ಹೋಗಬೇಕು ಎಂದರು. ಆ ಕೊನೆಯ ಮಾತೇ ನಮಗೆ ದೊಡ್ಡ ಕಷ್ಟವಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಬೆಳುವಾಯಿಗೆ ಮದುವೆ ಮಾಡಿಕೊಟ್ಟಿದ್ದ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಸುದ್ದಿ ಕೇಳಿ ಮರುದಿನವೇ ಬಂದರು. ಇಬ್ಬರೂ ಸೇರಿ ಅತ್ತೆಯನ್ನು ನೋಡಿಕೊಳ್ಳತೊಡಗಿದೆವು. ವಾರ ಕಳೆಯುವಾಗ ಒಂದೇ ಒಂದು ಮಾತು ಅವರ ಬಾಯಿಗೆ ಮರಳಿತು: "ಅಲ್ಲ." ಬೇಕಾ ಎಂದು ಕೇಳಿದರೂ ಅಲ್ಲ, ಬೇಡವಾ ಎಂದರೂ ಅಲ್ಲ. ಸಂತೋಷಕ್ಕೂ ಅದೇ, ಸಿಟ್ಟಿಗೂ ಅದೇ. ದನಿ ಕೇಳಿ, ಕಣ್ಣು ನೋಡಿ ನಾವೇ ತಿಳಿದುಕೊಳ್ಳಬೇಕಿತ್ತು.

ಗಂಜಿಯನ್ನು ಮಾತ್ರ ಅವರು ಯಾವ ದನಿಯಲ್ಲೂ ಒಪ್ಪಲಿಲ್ಲ. ತಿಳಿ ಬಸಿದು, ಉಪ್ಪು ಹಾಕಿ, ಚಮಚದಲ್ಲಿ ತುಟಿಯ ಹತ್ತಿರ ತಂದರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಬಲವಂತಕ್ಕೆ ಎರಡು ಚಮಚ ಹೋದರೆ ಕೆಮ್ಮು. ಅತ್ತಿಗೆ ಬೈದು ನೋಡಿದರು, ಅತ್ತು ನೋಡಿದರು.

"ಅಮ್ಮಾ, ಸಣ್ಣ ಮಕ್ಕಳ ಹಾಗೆ ಎಂತ ಹಟ ಇದು? ತಿನ್ನದಿದ್ದರೆ ಹೇಗೆ ಏಳ್ತೀ?"

ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿದರು. ದಿನದಿಂದ ದಿನಕ್ಕೆ ಕತ್ತಿನ ಎಲುಬು ಎದ್ದು ಕಾಣತೊಡಗಿತು. ಬೆಳಿಗ್ಗೆ ಅವರ ಕೋಣೆಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು, ಹೊದಿಕೆ ಮೇಲೆ ಕೆಳಗೆ ಆಗುತ್ತದಾ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಒಂದು ದಿನ ಅವರು ಎಡಗೈ ಎತ್ತಿ ಅಡುಗೆಮನೆಯ ಕಡೆಗೆ ತೋರಿಸಿದರು. ನಾನು ನೀರು ತಂದೆ. ಅಲ್ಲ. ಹಾಲು ತಂದೆ. ಅಲ್ಲ. ಆಮೇಲೆ ಅಂಗೈಯನ್ನು ಗಾಳಿಯಲ್ಲಿ ಸೌಟಿನಂತೆ ಮಗುಚಿ, ನಿಧಾನಕ್ಕೆ ಒಂದು ಸಣ್ಣ ಸುತ್ತು ತಿರುಗಿಸಿದರು.

"ದೋಸೆಯಾ ಅತ್ತೆ?"

"ಅಲ್ಲ" ಎಂದರು. ಕಣ್ಣು ಮಾತ್ರ ಹೌದೆನ್ನುತ್ತಿತ್ತು.

ಆ ಸಂಜೆಯೇ ಕಡೆದೆ. ಎಷ್ಟು ಉದ್ದು, ಎಷ್ಟು ಮೆಂತೆ, ಎಲ್ಲವೂ ಅಂದಾಜು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಜಾಗದಲ್ಲೇ ಮಲಗಿತ್ತು. ಚಳಿಗೆ ಹುಳಿಯೇ ಬಂದಿರಲಿಲ್ಲ. ಇನ್ನೊಂದು ದಿನ ಕಾಯಬೇಕಿತ್ತು, ಆದರೆ ಅತ್ತೆ ಕಾಯುತ್ತಿದ್ದರು. ಅವರಾಗಿ ಕೇಳಿದ್ದು ಅದೊಂದನ್ನೇ. ಹೊಯ್ದೆ. ಚಪ್ಪಟೆಯಾಗಿ, ಅಂಚು ಗಟ್ಟಿಯಾಗಿ ಬಂತು. ಹಾಲಿನಲ್ಲಿ ನೆನೆಸಿದರೆ ಸರಿಯಾದೀತೆಂದು ನೆನೆಸಿ ಕೊಟ್ಟೆ. ಅತ್ತಿಗೆ ಚೂರು ಮಾಡಿ ಬಾಯಿಗಿಟ್ಟರು. ಅತ್ತೆ ಆಸೆಯಿಂದಲೇ ಬಾಯಿ ತೆರೆದರು. ಒಂದು ತುತ್ತು ಹೋಯಿತು. ಎರಡನೆಯದು ಹೋಗಲಿಲ್ಲ.

ಕೆಮ್ಮೂ ಬರಲಿಲ್ಲ. ಅದೇ ಭಯಂಕರ. ಕಣ್ಣು ದೊಡ್ಡದಾಯಿತು, ಎಡಗೈ ಹಾಸಿಗೆಯನ್ನು ಬಡಿಯಿತು, ತುಟಿಯ ಬಣ್ಣ ತಿರುಗಿತು. ಅತ್ತಿಗೆ ಕಿರುಚಿದರು. ಶಾಲೆಗೆ ಹೊರಟಿದ್ದ ನನ್ನ ಗಂಡ ಒಳಗೋಡಿ ಬಂದು ಅಮ್ಮನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ಗುದ್ದಿದರು, ಮತ್ತೆ ಗುದ್ದಿದರು. ಕೊನೆಗೆ ಆ ಚೂರು ಹೊರಗೆ ಬಿತ್ತು. ಅತ್ತೆ ಉಸಿರೆಳೆದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ದೋಸೆಯಾ ಇದು? ಚರ್ಮ ಮಾರಾಯ್ತಿ, ಚರ್ಮ!" ಎಂದರು ಅತ್ತಿಗೆ, ಬಿದ್ದ ಚೂರನ್ನು ಬೆರಳಲ್ಲಿ ಹಿಡಿದು.

"ಇನ್ನು ಈ ಮನೆಯಲ್ಲಿ ದೋಸೆಯ ಸುದ್ದಿ ಬೇಡ" ಎಂದು ಗಂಡ ಹೇಳಿದರು. ಅಂದು ಅವರು ಶಾಲೆಗೆ ಹೋಗಲಿಲ್ಲ.

ಆದರೆ ಗಂಜಿಯ ಸುದ್ದಿ ಹಾಗೆಯೇ ಇತ್ತು. ಮುಂದಿನ ದಿನಗಳಲ್ಲಿ ಅತ್ತೆ ಇನ್ನಷ್ಟು ಕಡಿಮೆ ತಿಂದರು. ನಾನು ಯಾರಿಗೂ ಹೇಳದೆ ಸಂಜೆ ಸಂಜೆ ಸ್ವಲ್ಪ ಹಿಟ್ಟು ಕಡೆದಿಡತೊಡಗಿದೆ. ಯಾರಿಗೆ ಕೊಡುವುದಕ್ಕೆಂದು ನನಗೇ ಗೊತ್ತಿರಲಿಲ್ಲ. ಕೈ ಸುಮ್ಮನಿರಲಾರದೆ ಕಡೆಯುತ್ತಿತ್ತು. ಕೋಳಿ ಕೂಗುವಾಗ ಎದ್ದು ಮೊದಲು ಮುಚ್ಚಳ ತೆಗೆದು ನೋಡುತ್ತಿದ್ದೆ. ಒಮ್ಮೆ ಹಿಟ್ಟು ಒಂದು ಬೆರಳು ಏರಿತ್ತು, ಒಮ್ಮೆ ಏರಿಯೇ ಇರಲಿಲ್ಲ, ಇನ್ನೊಮ್ಮೆ ಹುಳಿ ಹೆಚ್ಚಾಗಿ ನೀರು ಬಿಟ್ಟಿತ್ತು. ಆ ದೋಸೆಗಳನ್ನೆಲ್ಲ ನಾನೇ ತಿಂದೆ. ಉಳಿದದ್ದು ಹಟ್ಟಿಗೆ ಹೋಯಿತು.

ಡಾಕ್ಟರು ಎರಡನೆಯ ಸಲ ಬಂದಾಗ ಅತ್ತಿಗೆ ದೂರು ಹೇಳಿದರು: "ಅಮ್ಮ ಹಟ ಮಾಡ್ತಾರೆ ಡಾಕ್ಟ್ರೇ, ಗಂಜಿ ಮುಟ್ಟುದೇ ಇಲ್ಲ."

ಡಾಕ್ಟರು ಚಮಚದಲ್ಲಿ ನೀರು ಕುಡಿಸಿ ನೋಡಿದರು. ಅತ್ತೆಗೆ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಆಮೇಲೆ, ಕಳಿತ ಬಾಳೆಹಣ್ಣನ್ನು ಕಿವುಚಿ ಬೆರಳ ತುದಿಯಷ್ಟು ನಾಲಿಗೆಯ ಮೇಲಿಟ್ಟರು. ನಿಧಾನವಾಗಿ ಅದು ಒಳಗೆ ಹೋಯಿತು.

"ಹಟ ಅಲ್ಲಮ್ಮ, ಹೆದರಿಕೆ" ಎಂದರು ಡಾಕ್ಟರು. "ಗಂಟಲಿನ ಒಂದು ಬದಿ ಕೆಲಸ ಮಾಡುದಿಲ್ಲ. ತೆಳುವಾದದ್ದು ದಾರಿ ತಪ್ತದೆ. ಗಟ್ಟಿಯಾದದ್ದು ಸಿಕ್ಕಿಹಾಕಿಕೊಳ್ತದೆ. ಮೆತ್ತಗೆ, ಮುದ್ದೆಯಂತಹದ್ದು ಕೊಡಿ. ಕೂರಿಸಿಯೇ ಕೊಡ್ಬೇಕು. ಒಂದು ಹೋದ ಮೇಲೆ ಇನ್ನೊಂದು."

ಇಷ್ಟು ದಿನ ನಾವು ಬೈದದ್ದು ಅವರ ಭಯಕ್ಕೆ. ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಧೈರ್ಯ ಮಾಡಿ ಕೇಳಿದೆ, "ದೋಸೆ ಆಗ್ತದಾ? ದಪ್ಪದ್ದು, ಮೆತ್ತನೆಯದ್ದು?"

"ಬಾಳೆಹಣ್ಣಿನಷ್ಟು ಮೆತ್ತಗೆ ಇದ್ದರೆ ಆಗ್ತದೆ."

ಡಾಕ್ಟರು ಹೋದ ಮೇಲೆ ನಾನು ಗಂಡನಿಗೆ ಹೇಳಿದೆ: "ನನಗೆ ಗೊತ್ತಾಗುದಿಲ್ಲ. ಅವರೇ ತೋರಿಸ್ಬೇಕು. ಅಡುಗೆಮನೆಗೆ ಎತ್ತಿಕೊಂಡು ಬನ್ನಿ."

ಬೇಡ ಎನ್ನುತ್ತಾರೆಂದು ಕಾದೆ. ಅವರು ಚಾವಡಿಯ ಕೈಕುರ್ಚಿ ತಂದು, ಅಕ್ಕನೊಂದಿಗೆ ಸೇರಿ ಅಮ್ಮನನ್ನು ಕೂರಿಸಿ, ಕಡೆಯುವ ಕಲ್ಲಿನ ಪಕ್ಕಕ್ಕೆ ತಂದಿಟ್ಟರು.

ಬಿದ್ದ ದಿನದಿಂದ ಅತ್ತೆ ಅಡುಗೆಮನೆ ನೋಡಿರಲಿಲ್ಲ. ಒಲೆ, ಕಾವಲಿ, ಮೇಲಿನ ಮಾಡು ಎಲ್ಲವನ್ನೂ ನೋಡಿದರು. ನಾನು ನೆನೆದ ಉದ್ದನ್ನು ಕಲ್ಲಿಗೆ ಹಾಕಿ ನೀರು ಹೊಯ್ದೆ. "ಅಲ್ಲ!" ಇಷ್ಟು ದಿನಗಳಲ್ಲಿ ಅಷ್ಟು ಜೋರಾಗಿ ಅವರು ಹೇಳಿದ್ದು ಅದೇ ಮೊದಲು. ನೀರು ಹೆಚ್ಚಾಗಿತ್ತು. ಎಡಗೈಯ ನಾಲ್ಕು ಬೆರಳು ನೀರಿನ ಚೆಂಬಿಗೆ ಅದ್ದಿ ಕಲ್ಲಿನ ಮೇಲೆ ಚಿಮುಕಿಸಿ ತೋರಿಸಿದರು. ಇಷ್ಟೇ. ನಾನು ಕಡೆದೆ. ನುಣ್ಣಗಾಯಿತೆಂದು ತೆಗೆಯಹೊರಟರೆ ಮತ್ತೆ ಅಲ್ಲ. ಮತ್ತೆ ಕಡೆದೆ. ತೋಳು ಸೋತಿತು. ಅತ್ತಿಗೆ ನನ್ನನ್ನು ಸರಿಸಿ ತಾವು ಕೂತರು. ಕೊನೆಗೆ ಅತ್ತೆ ಬೆರಳಿನಲ್ಲಿ ಚೂರು ಹಿಟ್ಟು ತೆಗೆದು ಚೆಂಬಿನ ನೀರಿಗೆ ಬಿಟ್ಟರು. ಅದು ಬೆಣ್ಣೆಯಂತೆ ತೇಲಿತು. ಆಗ ಅಲ್ಲ ಎನ್ನಲಿಲ್ಲ.

ಅಕ್ಕಿ, ಅವಲಕ್ಕಿಯನ್ನು ಬೇರೆಯೇ ಕಡೆಸಿದರು. ಉದ್ದಿನೊಂದಿಗೆ ಬೆರೆಸುವಾಗ ಸೌಟು ಕೊಡಹೋದೆ. ಅವರು ತಮ್ಮ ಎಡಗೈಯನ್ನೇ ಪಾತ್ರೆಗೆ ಇಳಿಸಿ ಬುಡದಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಿದರು. ಆ ಕೈಗೆ ಅಭ್ಯಾಸವಿರಲಿಲ್ಲ. ಹಿಟ್ಟು ಸೀರೆಗೆಲ್ಲ ಹಾರಿತು. ನಾವು ಯಾರೂ ತಡೆಯಲಿಲ್ಲ. ಆಮೇಲೆ ಹಿತ್ತಿಲ ಕಡೆಗೆ ಬೆರಳು ತೋರಿಸಿದರು. ಬಾವಿಯಾ? ಹಟ್ಟಿಯಾ? ಸೌದೆಯಾ? ಎಲ್ಲಕ್ಕೂ ಅಲ್ಲ. ಗಂಡನಿಗೆ ಹೊಳೆಯಿತು. "ಬಚ್ಚಲೊಲೆ! ಚಳಿಗಾಲದಲ್ಲಿ ಅಮ್ಮ ಹಿಟ್ಟನ್ನು ಬಚ್ಚಲೊಲೆಯ ಹತ್ತಿರ ಇಡ್ತಿದ್ರು." ಹಳೆಯ ಕಂಬಳಿ ಸುತ್ತಿ, ಸ್ನಾನದ ನೀರು ಕಾಯಿಸುವ ಹಂಡೆಯ ಬದಿಯಲ್ಲಿ ಪಾತ್ರೆ ಇಟ್ಟೆವು.

ಬೆಳಿಗ್ಗೆ ಕಂಬಳಿ ಬಿಚ್ಚುವಾಗ ನನ್ನ ಬೆರಳಿಗೆ ಅಂಟಿದ್ದು ಹಿಟ್ಟು. ಮುಚ್ಚಳವನ್ನೇ ಎತ್ತಿಕೊಂಡು ಹೊರಗೆ ಬಂದಿತ್ತು.

ಸಣ್ಣ ಉರಿಯಲ್ಲಿ ಕಾವಲಿ ಇಟ್ಟು, ಹೊಯ್ದು, ಹರಡದೆ ಮುಚ್ಚಿದೆ. ತೆಗೆದರೆ ತುಂಬ ತೂತು, ಹತ್ತಿಯಂತಹ ದೋಸೆ. ಒಂದೇ ಬದಿ ಬೇಯಿಸಿದೆ, ಅಡಿಯ ಕೆಂಪು ಭಾಗ ಕಿತ್ತು ತೆಗೆದೆ. ಬೆಲ್ಲ ಹಾಕಿದ ದಪ್ಪ ಕಾಯಿಹಾಲಿನಲ್ಲಿ ಕಿವುಚಿದೆ. ನನ್ನ ಬಾಯಿಗೇ ಮೊದಲು ಒಂದು ಚೂರು ಇಟ್ಟು, ಹಲ್ಲು ತಾಗಿಸದೆ ನುಂಗಿ ನೋಡಿದೆ.

ಅತ್ತೆಯನ್ನು ದಿಂಬು ಒರಗಿಸಿ ನೆಟ್ಟಗೆ ಕೂರಿಸಿದ್ದರು. ತಟ್ಟೆಯನ್ನು ಅತ್ತಿಗೆಗೆ ಚಾಚಿದೆ. ಅವರು ಹಿಂದೆ ಸರಿದರು.

"ನನ್ನಿಂದ ಆಗುದಿಲ್ಲ. ನೀನೇ ಕೊಡು."

ಕೊಟ್ಟೆ. ಅತ್ತೆಯ ಬಾಯಿ ಮುಚ್ಚಿತು. ಗಂಡ ಬೆನ್ನ ಹಿಂದೆ ಕೈ ಎತ್ತಿ ಸಿದ್ಧವಾಗಿ ನಿಂತಿದ್ದರು. ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದಿದ್ದರು. ನಾನು ಅತ್ತೆಯ ಮುಖ ನೋಡಲಿಲ್ಲ, ಗಂಟಲು ನೋಡಿದೆ. ಅದು ಅಲುಗಲಿಲ್ಲ. ಇನ್ನೂ ಅಲುಗಲಿಲ್ಲ. ಆಮೇಲೆ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಅತ್ತೆ ಬಾಯಿ ತೆರೆದು ತೋರಿಸಿದರು. ಖಾಲಿ.

ಅರ್ಧ ದೋಸೆ ತಿನ್ನಿಸುವಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ನನ್ನ ರವಿಕೆ ಬೆವರಿನಿಂದ ಒದ್ದೆಯಾಗಿತ್ತು, ಆ ಚಳಿಯಲ್ಲಿ.

ಮರುದಿನ ಹೆದರಿಕೆ ಹೋಗಿರುತ್ತದೆಂದುಕೊಂಡಿದ್ದೆ. ಹೋಗಲಿಲ್ಲ. ಪ್ರತಿ ಬೆಳಿಗ್ಗೆ ಕಂಬಳಿ ಬಿಚ್ಚುವಾಗ ಹಿಟ್ಟಿನ ಹೆದರಿಕೆ, ಪ್ರತಿ ತುತ್ತಿಗೆ ಗಂಟಲಿನ ಹೆದರಿಕೆ. ಆದರೆ ಅತ್ತೆ ತಿಂದರು. ಮೈಗೆ ಸ್ವಲ್ಪ ಕಸು ಬಂತು. ಸೆಕೆ ಶುರುವಾಗುವಾಗ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಒಂದೊಂದೇ ಮಾತು ಮರಳಿ ಬಂತು, ತೊದಲುತ್ತಾ. ಬಲಗೈ ಮಾತ್ರ ಕೊನೆಯವರೆಗೂ ಬರಲಿಲ್ಲ.

ಅತ್ತಿಗೆ ಬೆಳುವಾಯಿಗೆ ಹೊರಟ ದಿನ, ಬಸ್ಸು ನಿಲ್ಲುವ ಕಡೆಗೆ ನಾನೂ ಜೊತೆಗೆ ಹೋದೆ. ಬಸ್ಸು ಕಂಡಾಗ ನನ್ನ ಕೈ ಹಿಡಿದರು.

"ಅವತ್ತು ನಾನು ಚರ್ಮ ಅಂತ ಹೇಳಿದ್ದು ಮನಸ್ಸಲ್ಲಿ ಇಟ್ಟುಕೊಂಡಿದ್ದೀಯಾ?"

"ಇಲ್ಲ ಅತ್ತಿಗೆ. ಅದು ಚರ್ಮವೇ ಆಗಿತ್ತು."

ಅವರು ನಗಲು ಹೋಗಿ ಅತ್ತರು. "ನಾನು ಇಟ್ಟ ತುತ್ತು ಅದು. ರಾತ್ರಿ ಕಣ್ಣು ಮುಚ್ಚಿದರೆ ಅಮ್ಮನ ಆ ಮುಖವೇ ಬರ್ತದೆ. ನಿನಗೆ ಹೆದರಿಕೆ ಆಗುದಿಲ್ವಾ, ದಿನಾ ಕೊಡ್ಲಿಕ್ಕೆ?"

"ಆಗ್ತದೆ. ದಿನಾ ಆಗ್ತದೆ."

"ಆದರೂ ಕೊಡ್ತೀಯಲ್ಲ" ಎಂದು ಅವರು ಬಸ್ಸು ಹತ್ತಿದರು.

ನಾನು ಮನೆಯ ಕಡೆಗೆ ಬೇಗ ಬೇಗ ನಡೆದೆ. ಅತ್ತೆಯ ಹತ್ತಿರ ಗಂಡ ಒಬ್ಬರೇ ಇದ್ದರು, ಸಂಜೆಯಾಗುತ್ತಿತ್ತು, ಉದ್ದು ಇನ್ನೂ ನೆನೆಹಾಕಿರಲಿಲ್ಲ.